ಗೆಳೆತನ ಎಳೆದೊಯ್ಯುವ ದಾರಿ

ಬಡತನ, ಅನಕ್ಷರತೆಯೇ ಯುವಕರನ್ನು ಉಗ್ರವಾದಕ್ಕೆ ದೂಡುತ್ತವೆ ಎಂಬ ನಂಬಿಕೆಯನ್ನು ಸಂಶೋಧನೆ ಪೂರ್ತಿ ಒಪ್ಪುವುದಿಲ್ಲ. ಮನೋವೈದ್ಯ ಮಾರ್ಕ್ ಸೇಜ್‌ಮನ್ 2004ರ ತಮ್ಮ ಪುಸ್ತಕಕ್ಕಾಗಿ 172 ಜಿಹಾದಿಗಳ ಬದುಕನ್ನು ಜಾಲಾಡಿದಾಗ ಅವರಲ್ಲಿ ಬಹುಪಾಲು ಮಂದಿ ಮೇಲ್ವರ್ಗ, ಮಧ್ಯಮವರ್ಗದವರಾಗಿದ್ದರು; ಕಾಲೇಜು ಮೆಟ್ಟಿಲು ಹತ್ತಿದವರೂ ಕಡಿಮೆಯಿರಲಿಲ್ಲ. ಸಿದ್ಧಾಂತಕ್ಕಿಂತ ಮೊದಲು ಅವರನ್ನು ಸೆಳೆದದ್ದು ಗೆಳೆತನ ಮತ್ತು ನೆಂಟಸ್ತಿಕೆ. ಹಾಗಾದರೆ ಹೊರಬರುವ ದಾರಿಯೂ ಮನುಷ್ಯರ ಮೂಲಕವೇ ಇರಬೇಕು. ಡೆನ್ಮಾರ್ಕಿನ ಆರ್ಹುಸ್ ನಗರದಲ್ಲಿ ಪೊಲೀಸರೂ ನಗರಾಡಳಿತವೂ ಜೊತೆಗೂಡಿ, ಸಿರಿಯಾದ ಯುದ್ಧಕ್ಕೆ ಹೋಗಿ ಮರಳಿದ ಯುವಕರಿಗೆ ಮಾರ್ಗದರ್ಶಕರನ್ನು ಒದಗಿಸಿ, ಓದಿಗೆ, ಕೆಲಸಕ್ಕೆ ನೆರವಾದದ್ದು ಹೀಗೆಯೇ.

ಇದು ಅಪರಾಧಿಗಳನ್ನು ಮುದ್ದಿಸಿದಂತೆ ಎಂಬ ಆಕ್ಷೇಪ ಸಹಜ. ಆದರೆ ಅಪರಾಧಕ್ಕೆ ಸಾಕ್ಷ್ಯವಿದ್ದವರಿಗೆ ಅಲ್ಲಿಯೂ ಮೊಕದ್ದಮೆ ತಪ್ಪುವುದಿಲ್ಲ. ನನಗೆ ಹೆಚ್ಚು ಗಂಭೀರವೆನಿಸುವ ಆಕ್ಷೇಪ ಬೇರೆ: ನಡೆಯದೇ ಹೋದ ದಾಳಿಯನ್ನು ಎಣಿಸುವುದು ಹೇಗೆ? ಯಶಸ್ಸನ್ನು ಅಂಕಿಗಳಲ್ಲಿ ತೋರಿಸುವುದು ನಿಜಕ್ಕೂ ಕಷ್ಟ. ಆದರೂ ನೆರವಿನ ದಾರಿ ಬಿಟ್ಟು ಈ ಯುವಕರ ಇಡೀ ಸಮುದಾಯವನ್ನೇ ಅನುಮಾನಿಸಿದರೆ, ಮಗನ ಬದಲಾವಣೆಯನ್ನು ಎಲ್ಲರಿಗಿಂತ ಮೊದಲು ಗುರುತಿಸುವ ತಾಯಿ ಪೊಲೀಸರ ಬಳಿ ಬರಲು ಹೆದರುತ್ತಾಳೆ.