ಪೆನ್‌ಡ್ರೈವ್‌ನಲ್ಲಿ ಬಂದ ಪುಕ್ಕಟೆ ಮಾಲು

‘ಯವ್ವಾ, ಲಗ್ನದ ಫೋಟೊ ಎಲ್ಲಿ ಅದಾವ?’

ಮಾಮಾ ಕೇಳಿದಾಗ ನಾನು ಮಾತಾಡದೆ ಲ್ಯಾಪ್‌ಟಾಪ್‌ ಅವರ ಕಡೆ ತಿರುಗಿಸಿದೆ. ಪ್ರತಿ ಫೈಲಿನ ಹೆಸರಿನ ಕೊನೆಗೆ ಅರ್ಥವಾಗದ ನಾಲ್ಕು ಅಕ್ಷರ ಅಂಟಿಕೊಂಡಿದ್ದವು. ಯಾವುದೂ ತೆರೆಯುತ್ತಿರಲಿಲ್ಲ. ಜೊತೆಗೆ ಇಂಗ್ಲಿಷಿನಲ್ಲಿ ಒಂದು ಚೀಟಿ: ಫೈಲ್‌ ಬೇಕಾದರೆ ಹಣ ಕಟ್ಟಿ. ನನ್ನ ಮಿನಿ ಪ್ರಾಜೆಕ್ಟ್‌ ವರದಿಯೂ ಅದರಲ್ಲೇ ಸಿಕ್ಕಿಬಿದ್ದಿತ್ತು.

ಶಿರಹಟ್ಟಿಯಲ್ಲಿ ನನ್ನ ಸೋದರಮಾವನದು ಪುಟ್ಟ ಫೋಟೊ ಸ್ಟುಡಿಯೊ. ನಾನು ಬಿ.ಇ. ಓದುತ್ತಲೇ ರಜೆಯಲ್ಲಿ ಅಲ್ಲಿ ಕೆಲಸ ಮಾಡುತ್ತೇನೆ. ಬಸ್‌ ಪಾಸು, ಪರೀಕ್ಷೆ ಫೀಸು ಅದರಿಂದಲೇ ನಡೆಯುತ್ತದೆ. ಮಾಮಾ ಮೊದಲಿನಿಂದಲೂ ಜೆಪೆಗ್‌ನಲ್ಲೇ ಫೋಟೊ ತೆಗೆದವರು. ‘ರಾ ಫೈಲ್‌ನ್ಯಾಗ ತೆಗೀರಿ ಮಾಮಾ, ನಾ ಎಡಿಟ್‌ ಮಾಡ್ತೀನಿ’ ಎಂದು ಹುರುಪಿನಿಂದ ಹೇಳಿದವಳು ನಾನು. ಎಡಿಟ್‌ ಮಾಡುವ ಸಾಫ್ಟ್‌ವೇರ್‌ ಎಲ್ಲಿಂದ ತರಬೇಕು ಎಂದು ಮಾತ್ರ ಯೋಚಿಸಿರಲಿಲ್ಲ. ಗೆಳತಿಯೊಬ್ಬಳು ಹೆಸರಾಂತ ಸಾಫ್ಟ್‌ವೇರ್‌ ಒಂದರ ಕ್ರ್ಯಾಕ್‌ ಪ್ರತಿಯನ್ನು ಪೆನ್‌ಡ್ರೈವ್‌ನಲ್ಲಿ ಕೊಟ್ಟಳು. ‘ಆ್ಯಂಟಿವೈರಸ್‌ ಆಫ್‌ ಮಾಡಿ ಹಾಕ್ಕೋ’ ಎಂದಳು. ಕಂಪ್ಯೂಟರ್‌ ಸೈನ್ಸ್‌ ಓದುವ ನಾನು ಆಫ್‌ ಮಾಡಿಯೇ ಹಾಕಿಕೊಂಡೆ. ಎರಡು ತಿಂಗಳು ಚೆನ್ನಾಗಿ ನಡೆದು, ಒಂದು ಮುಂಜಾನೆ ಹೀಗಾಯಿತು.

ಲಗ್ನದ ಫೋಟೊ ಉಳಿದದ್ದು ಮಾಮಾನ ಹಳೆಯ ರೂಢಿಯಿಂದ. ಗಿರಾಕಿ ಆಲ್ಬಂ ಒಯ್ಯುವವರೆಗೆ ಅವರು ಮೆಮೊರಿ ಕಾರ್ಡ್‌ ಅಳಿಸುವುದಿಲ್ಲ. ಆದರೆ ಡಿಸೆಂಬರ್‌ನಲ್ಲಿ ಮಾಗಡಿ ಕೆರೆಯಲ್ಲಿ ನಾನು ತೆಗೆದ ಪಟ್ಟೆತಲೆ ಹೆಬ್ಬಾತುಗಳ ಫೋಟೊಗಳಿಗೆ ಆ ಭಾಗ್ಯ ಇರಲಿಲ್ಲ. ಹಿಮಾಲಯ ದಾಟಿ ನಮ್ಮ ತಾಲ್ಲೂಕಿಗೆ ಬರುವ ಹಕ್ಕಿಗಳು ಅವು. 2024ರಲ್ಲಿ ಆ ಕೆರೆ ರಾಮ್ಸಾರ್‌ ಪಟ್ಟಿಗೆ ಸೇರಿದಾಗ ಇಡೀ ಊರು ಹೆಮ್ಮೆಪಟ್ಟಿತ್ತು. ಮೂರು ಬೆಳಗಿನ ಜಾವ ಚಳಿಯಲ್ಲಿ ಕೂತು ತೆಗೆದ ಫೋಟೊಗಳು ಹೋದವು. ಹಕ್ಕಿಗಳು ಅಷ್ಟೊತ್ತಿಗೆ ವಾಪಸು ಹೋಗಿಯಾಗಿತ್ತು.

ಲ್ಯಾಪ್‌ಟಾಪ್‌ ಪೂರ್ತಿ ಅಳಿಸಿ ಹೊಸದಾಗಿ ಸಿದ್ಧಮಾಡಿದೆ. ಆಲ್ಬಂ ಕೊಡಲು ಎಂಟು ದಿನ ಉಳಿದಿತ್ತು. ಈ ಸಲ ಸಾಫ್ಟ್‌ವೇರನ್ನು ನಾನೇ ಆರಿಸಬೇಕಿತ್ತು.

ರಾ ಅಂದರೇನು ಎಂಬುದನ್ನು ಮೊದಲು ಹೇಳಿಬಿಡುತ್ತೇನೆ. ಜೆಪೆಗ್‌ ಎಂದರೆ ಬೆಂದ ರೊಟ್ಟಿ, ರಾ ಎಂದರೆ ಇನ್ನೂ ನಾದುತ್ತಿರುವ ಹಿಟ್ಟು. ಜೆಪೆಗ್‌ನಲ್ಲಿ ಕೆಂಪು, ಹಸಿರು, ನೀಲಿ ಒಂದೊಂದಕ್ಕೂ 8 ಬಿಟ್‌, ಅಂದರೆ 256 ಮೆಟ್ಟಿಲು. 14 ಬಿಟ್‌ನ ರಾ ಫೈಲ್‌ನಲ್ಲಿ 16,384 ಮೆಟ್ಟಿಲು. ಹೀಗಾಗಿ ಕತ್ತಲಲ್ಲಿ ಮುಳುಗಿದ ಮುಖವನ್ನು ಎತ್ತಿ ತೋರಿಸಲು ರಾ ಫೈಲ್‌ನಲ್ಲಿ ಜಾಗ ಇರುತ್ತದೆ. ಆದರೆ ಸೆನ್ಸರ್‌ನ ಒಂದೊಂದು ಬಿಂದುವೂ ಒಂದೇ ಬಣ್ಣವನ್ನು ಅಳೆಯುತ್ತದೆ. ಉಳಿದೆರಡು ಬಣ್ಣಗಳನ್ನು ಅಕ್ಕಪಕ್ಕದ ಬಿಂದು ನೋಡಿ ಸಾಫ್ಟ್‌ವೇರ್‌ ಲೆಕ್ಕ ಹಾಕಬೇಕು. ಆ ಲೆಕ್ಕ ಒಬ್ಬೊಬ್ಬರದು ಒಂದೊಂದು ರೀತಿ. ಅದಕ್ಕೇ ಒಂದೇ ರಾ ಫೈಲ್‌ ಬೇರೆ ಬೇರೆ ಸಾಫ್ಟ್‌ವೇರ್‌ನಲ್ಲಿ ಬೇರೆಯಾಗಿ ಕಾಣುತ್ತದೆ.

ಎಲ್ಲರೂ ಹೇಳುವ ಹೆಸರು ಅಡೋಬಿ ಲೈಟ್‌ರೂಮ್‌. 2007ರಲ್ಲಿ ಬಂದ ಒಳ್ಳೆಯ ಸಾಧನ. ಆದರೆ ಒಮ್ಮೆ ದುಡ್ಡು ಕೊಟ್ಟು ಕೊಂಡಿಟ್ಟುಕೊಳ್ಳಬಹುದಾಗಿದ್ದ ಅದರ ಕೊನೆಯ ಆವೃತ್ತಿ 2015ರ ಲೈಟ್‌ರೂಮ್‌ 6. ಈಗ ಚಂದಾ ಕಟ್ಟಬೇಕು. ಮಾಮಾನ ಗಳಿಕೆ ಲಗ್ನದ ಸುಗ್ಗಿಯದು. ಆಷಾಢದಲ್ಲಿ ಸ್ಟುಡಿಯೊಗೆ ಬರುವವರು ಪಾಸ್‌ಪೋರ್ಟ್‌ ಸೈಜಿನ ಗಿರಾಕಿಗಳು ಮಾತ್ರ. ‘ಆಷಾಢದಾಗೂ ಬಾಡಿಗಿ ಕೇಳೋ ಸಾಫ್ಟ್‌ವೇರ್‌ ನಮಗ್ಯಾಕ ಬೇಕವಾ’ ಎಂದರು ಮಾಮಾ.

ಹುಡುಕಿದಾಗ ಕಾಸಿಲ್ಲದೆ, ಕಳವೂ ಇಲ್ಲದೆ ಸಿಗುವ ಮೂರು ದಾರಿ ಕಂಡವು. ಹೊಗಳಿಕೆ ಓದುವುದನ್ನು ಬಿಟ್ಟು, ಅದೇ ಲಗ್ನದ ಐದು ಕಷ್ಟದ ಫೋಟೊ ಆರಿಸಿಕೊಂಡೆ. ಅರಿಶಿನದ ಶಾಸ್ತ್ರ, ಕೆಂಪು ಸೀರೆಯ ಮದುಮಗಳು, ರಾತ್ರಿಯ ಮೆರವಣಿಗೆ, ಮಂಟಪದ ದೀಪಗಳು, ಮತ್ತೆ ಮಟಮಟ ಮಧ್ಯಾಹ್ನದ ಬಿಸಿಲಲ್ಲಿ ಬಿಳಿ ರುಮಾಲು ಸುತ್ತಿ ನಿಂತ ಮದುಮಗಳ ಅಜ್ಜ. ಐದನ್ನೂ ಮೂರರಲ್ಲೂ ಎಡಿಟ್‌ ಮಾಡಿ ನೋಡುವುದೆಂದು ಗೊತ್ತುಮಾಡಿದೆ.

ಮೊದಲನೆಯದು ಕ್ಯಾಮೆರಾ ಕಂಪನಿಯೇ ಕೊಡುವ ಸಾಫ್ಟ್‌ವೇರ್‌. ಮಾಮಾನದು ನಿಕಾನ್‌, ಅದಕ್ಕೆ ಎನ್‌ಎಕ್ಸ್‌ ಸ್ಟುಡಿಯೊ ಇದೆ. ಬಣ್ಣ ಕ್ಯಾಮೆರಾದಲ್ಲಿ ಕಂಡಂತೆಯೇ ಬಂತು, ಕಲಿಯಲು ಒಂದು ತಾಸು ಸಾಕಾಯಿತು. ಆದರೆ ಜೊತೆಗೆ ಬಂದಿದ್ದ ಹುಡುಗನ ಕ್ಯಾಮೆರಾ ಕ್ಯಾನನ್‌. ಅದರ ರಾ ಇದರಲ್ಲಿ ತೆರೆಯುವುದಿಲ್ಲ. ಒಂದೇ ಕಂಪನಿಯ ಕ್ಯಾಮೆರಾ ಇದ್ದವರಿಗೆ ಇಷ್ಟೇ ಸಾಕಾಗಬಹುದು.

ಎರಡನೆಯದು ರಾಥೆರಪಿ. 2010ರಿಂದ ಮುಕ್ತ ತಂತ್ರಾಂಶ. ಸೂಕ್ಷ್ಮ ವಿವರ ಎಬ್ಬಿಸುವುದರಲ್ಲಿ ಇದು ಗಟ್ಟಿಗ. ಕೆಂಪು ಸೀರೆಯ ಜರಿಯ ಎಳೆ ಎಣಿಸುವಂತೆ ಬಂತು. ಆದರೆ ನೂರಾರು ಫೋಟೊಗಳಲ್ಲಿ ಒಳ್ಳೆಯವನ್ನು ಹೆಕ್ಕಿ ಗುಂಪು ಮಾಡುವ ಕೆಲಸ ಅದರಲ್ಲಿ ನನ್ನ ಕೈಗೆ ಹೊಂದಲಿಲ್ಲ.

ಮೂರನೆಯದು ಡಾರ್ಕ್‌ಟೇಬಲ್‌. ಯೊಹಾನೆಸ್‌ ಹಾನಿಕಾ 2009ರಲ್ಲಿ ಶುರು ಮಾಡಿದ ಇದೂ ಮುಕ್ತ ತಂತ್ರಾಂಶವೇ. ಫೋಟೊಗಳಿಗೆ ನಕ್ಷತ್ರ ಕೊಟ್ಟು ವಿಂಗಡಿಸುವುದು, ಮುಖವೊಂದನ್ನೇ ಗುರುತು ಮಾಡಿ ಬೆಳಕು ಏರಿಸುವುದು, ಒಂದು ಫೋಟೊಗೆ ಮಾಡಿದ ತಿದ್ದುಪಡಿಯನ್ನು ಐವತ್ತಕ್ಕೆ ಅಂಟಿಸುವುದು, ಎಲ್ಲ ಇದರಲ್ಲಿದೆ. ಆದರೆ ಮೊದಲ ದಿನ ತಲೆ ಕೆಟ್ಟುಹೋಯಿತು. ಅಷ್ಟು ಗುಂಡಿ, ಅಷ್ಟು ಪಟ್ಟಿ. ನನ್ನ 8 ಜಿಬಿ ಲ್ಯಾಪ್‌ಟಾಪ್‌ನಲ್ಲಿ ಓಡಿತು. ಸ್ಟುಡಿಯೊದ ಹಳೆಯ ಕಂಪ್ಯೂಟರ್‌ನಲ್ಲಿ ರಾತ್ರಿ ಫೋಟೊದ ಮಚ್ಚೆ ತೆಗೆಯಲು ಹೋದರೆ ಒಂದು ಚಹಾ ಕುಡಿದು ಬರುವಷ್ಟು ಹೊತ್ತು.

ಆದರೂ ಡಾರ್ಕ್‌ಟೇಬಲ್‌ ಅನ್ನೇ ಹಿಡಿದೆ. ಮೊದಲ ಅರಿಶಿನದ ಫೋಟೊ ತೋರಿಸಿದಾಗ ಮಾಮಾ ನಕ್ಕುಬಿಟ್ಟರು. ‘ಇದು ಅರಿಶಿಣ ಹಚ್ಚಿದಂಗಿಲ್ಲವಾ, ಹುಡುಗಿಗೆ ಕಾಮಾಲಿ ಆದಂಗ ಐತಿ.’ ಹಳದಿ ಪೆಂಡಾಲಿನ ಬಟ್ಟೆಯಿಂದ ಇಳಿದ ಬೆಳಕು ಎಲ್ಲರ ಮುಖಕ್ಕೂ ಬಳಿದಿತ್ತು. ಸಾಫ್ಟ್‌ವೇರ್‌ಗೆ ‘ಇದು ಬಿಳಿ’ ಎಂದು ಒಂದು ಜಾಗ ತೋರಿಸಿದರೆ ಉಳಿದ ಬಣ್ಣ ಸರಿಪಡಿಸಿಕೊಳ್ಳುತ್ತದೆ. ಪೆಂಡಾಲಿನಲ್ಲಿ ಬಿಳಿ ಎಲ್ಲಿತ್ತು? ಹಿಂದೆ ಕೂತಿದ್ದ ಅದೇ ಅಜ್ಜನ ರುಮಾಲು! ಅದರ ನೆರಳಿನ ಮಡಿಕೆಯ ಮೇಲೆ ಗುರುತು ಇಟ್ಟೆ. ಕಾಮಾಲೆ ಇಳಿಯಿತು, ಅರಿಶಿನ ಉಳಿಯಿತು. ಅದೇ ತಿದ್ದುಪಡಿಯನ್ನು ಪೆಂಡಾಲಿನ ಎಲ್ಲ ಫೋಟೊಗಳಿಗೂ ಅಂಟಿಸಿದೆ.

ಬಿಸಿಲಿನ ಫೋಟೊದಲ್ಲಿ ಕತೆ ಬೇರೆ. ಜೆಪೆಗ್‌ನಲ್ಲಿ ಅಜ್ಜನ ರುಮಾಲು ಸುಣ್ಣದ ಉಂಡೆ, ಮುಖ ಕಪ್ಪು ಮಸಿ. ರಾ ಫೈಲ್‌ನಲ್ಲಿ ರುಮಾಲಿನ ಸುತ್ತುಗಳು ಒಂದೊಂದಾಗಿ ಮರಳಿ ಬಂದವು. ತುದಿಯಲ್ಲಿ ಅಂಗೈ ಅಗಲ ಮಾತ್ರ ಪೂರ್ತಿ ಸುಟ್ಟಿತ್ತು. ಸೆನ್ಸರ್‌ ತುಂಬಿ ಉಕ್ಕಿದ ಕಡೆ ಯಾವ ಸಾಫ್ಟ್‌ವೇರೂ ವಿವರ ಹುಟ್ಟಿಸಲಾರದು. ಮುಖವನ್ನು ಎತ್ತಿದೆ, ಬೆಳ್ಳಗೆ ಮಾತ್ರ ಮಾಡಲಿಲ್ಲ. ಹೊಲದಲ್ಲಿ ದುಡಿದ ಅಜ್ಜನ ಬಣ್ಣ ಅದೇ ಆಗಿತ್ತು.

ಇನ್ನೊಂದು ಕಾರಣಕ್ಕೂ ಈ ಆಯ್ಕೆ ನನಗೆ ಹಿಡಿಸಿತು. ಡಾರ್ಕ್‌ಟೇಬಲ್‌ ಮೂಲ ಫೋಟೊವನ್ನು ಮುಟ್ಟುವುದಿಲ್ಲ. ಮಾಡಿದ ತಿದ್ದುಪಡಿಗಳನ್ನು ಪಕ್ಕದಲ್ಲೇ ಎಕ್ಸ್‌ಎಂಪಿ ಎಂಬ ಚಿಕ್ಕ ಫೈಲಿನಲ್ಲಿ ಬರೆದಿಡುತ್ತದೆ. ರಾ ಮತ್ತು ಆ ಚಿಕ್ಕ ಫೈಲ್‌ ಎರಡನ್ನೂ ನಕಲು ಮಾಡಿಟ್ಟರೆ ನಾಳೆ ಬೇರೆ ಕಂಪ್ಯೂಟರ್‌ನಲ್ಲೂ ಕೆಲಸ ಮುಂದುವರಿಸಬಹುದು. ಅದರ ಕೋಡ್‌ ಬಹುಪಾಲು ಸಿ ಭಾಷೆಯಲ್ಲಿದೆ. ಮೊದಲ ವರ್ಷದಲ್ಲಿ ಅಂಕಕ್ಕಾಗಿ ಬಾಯಿಪಾಠ ಮಾಡಿದ ಆ ಸಿ ಭಾಷೆ ಎಲ್ಲಿ ಬಳಕೆಯಾಗುತ್ತದೆ ಎಂದು ನಾನು ಕಣ್ಣಾರೆ ನೋಡಿದ್ದು ಇಲ್ಲೇ. ಯಾರು ಬೇಕಾದರೂ ಓದಬಹುದು, ತಪ್ಪು ಕಂಡರೆ ತಿಳಿಸಬಹುದು, ತಿದ್ದಿಯೂ ಕೊಡಬಹುದು. ಕೆಲಸ ಹುಡುಕುವ ನಮ್ಮಂಥವರಿಗೆ ಇದಕ್ಕಿಂತ ಒಳ್ಳೆಯ ಪ್ರಯೋಗಶಾಲೆ ಪುಕ್ಕಟೆಗೆ ಎಲ್ಲಿ ಸಿಗುತ್ತದೆ?

ನನ್ನ ಆಯ್ಕೆಯೇ ನಿಮ್ಮದಾಗಬೇಕಿಲ್ಲ. ನಿಮ್ಮ ಕ್ಯಾಮೆರಾದ ಮಾದರಿಯನ್ನು ಸಾಫ್ಟ್‌ವೇರ್‌ ಬೆಂಬಲಿಸುತ್ತದೆಯೇ ನೋಡಿ. ಮುಕ್ತ ತಂತ್ರಾಂಶಗಳಿಗೆ ಹೊಚ್ಚಹೊಸ ಕ್ಯಾಮೆರಾ ಸೇರಲು ಸಮಯ ಹಿಡಿಯಬಹುದು. ನಿಮ್ಮದೇ ಐದು ಕಷ್ಟದ ಫೋಟೊ ಹಿಡಿದು, ನಿಮ್ಮದೇ ಕಂಪ್ಯೂಟರ್‌ನಲ್ಲಿ ಪರೀಕ್ಷಿಸಿ. ಅಧಿಕೃತ ತಾಣದಿಂದಲೇ ಇಳಿಸಿಕೊಳ್ಳಿ. ಚಂದಾ ಕಟ್ಟುವ ಶಕ್ತಿ ಇದ್ದರೆ ಕಟ್ಟಿ ಬಳಸಿ, ತಪ್ಪೇನಿಲ್ಲ. ಕ್ರ್ಯಾಕ್‌ ಮಾತ್ರ ಬೇಡ. ಅದರ ಬೆಲೆಯನ್ನು ನಾನು ಕೊಟ್ಟಾಗಿದೆ.

ಆಲ್ಬಂ ಒಂದು ದಿನ ತಡವಾಗಿ ಕೊಟ್ಟೆವು. ಒಯ್ಯಲು ಮದುಮಗಳ ಅಪ್ಪನ ಜೊತೆ ಆ ಅಜ್ಜನೂ ಬಂದಿದ್ದರು. ಪುಟ ತಿರುಗಿಸುತ್ತಾ ತಮ್ಮ ಫೋಟೊ ಬಂದಾಗ ಕೈ ನಿಲ್ಲಿಸಿದರು. ಬಹಳ ಹೊತ್ತು ನೋಡಿ, ‘ತಂಗೀ, ಇದೊಂದು ದೊಡ್ಡದು ಮಾಡಿ ಫ್ರೇಮ್‌ ಹಾಕ್ಸಿ ಕೊಡವಾ’ ಎಂದರು. ಮಾಮಾ ಆ ದಿನದ ಗಳಿಕೆಯಲ್ಲಿ ನನ್ನ ಪಾಲಿನ ಜೊತೆಗೆ ಒಂದು ಹೊಸ ಮೆಮೊರಿ ಕಾರ್ಡ್‌ ಕೊಟ್ಟರು.

ಅದನ್ನು ಇನ್ನೂ ಬಳಸಿಲ್ಲ. ನವೆಂಬರ್‌ನಲ್ಲಿ ಮಾಗಡಿ ಕೆರೆಗೆ ಹೆಬ್ಬಾತುಗಳು ಮತ್ತೆ ಬರುತ್ತವೆ.