ಸಬ್ಬತ್ ಪಾಲಿಸುವ ಊರಲ್ಲಿ ಗೂಬೆಗೂ ಕೆಲಸ

ವ್ರತವನ್ನೂ ಬಿಡದೆ, ಬೆಳೆಯನ್ನೂ ಕೈಬಿಡದೆ ಬೆಳೆದ ಸ್ದೆ ಎಲಿಯಾಹು

ಇಸ್ರೇಲಿನ ಬೆಯ್ತ್ ಶೆಆನ್ ಕಣಿವೆ ಸಮುದ್ರಮಟ್ಟಕ್ಕಿಂತ ಕೆಳಗಿದೆ. ಬೇಸಿಗೆಯ ಬಿಸಿಲು 40 ಡಿಗ್ರಿ ದಾಟುತ್ತದೆ, ನೀರಿನಲ್ಲಿ ಉಪ್ಪಿನಂಶ ಹೆಚ್ಚು. 1939ರಲ್ಲಿ ಇಲ್ಲಿ ಬಂದು ಸ್ದೆ ಎಲಿಯಾಹು ಊರನ್ನು ಕಟ್ಟಿದವರಲ್ಲಿ ನಾಜಿ ಜರ್ಮನಿಯಿಂದ ಪಾರಾಗಿ ಬಂದ ಧರ್ಮನಿಷ್ಠ ಯೆಹೂದಿ ತರುಣ ತರುಣಿಯರೇ ಹೆಚ್ಚು. ಆಗ ಪ್ಯಾಲೆಸ್ಟೀನ್ ಬ್ರಿಟಿಷರ ಕೈಯಲ್ಲಿತ್ತು. ವಲಸೆ ಮತ್ತು ಜಮೀನಿನ ವಿಚಾರಕ್ಕೆ ಅರಬರು ದಂಗೆ ಎದ್ದಿದ್ದ ಕಾಲವದು. ಹಾಗಾಗಿ ಊರು ಹುಟ್ಟಿದ್ದೇ ಕಾವಲು ಗೋಪುರ, ಸುತ್ತುಗೋಡೆಗಳೊಂದಿಗೆ. ಪ್ಯಾಲೆಸ್ಟೀನಿನಲ್ಲಿ ಯೆಹೂದಿಗಳು ನೆಲೆಸಬೇಕೆಂದು 19ನೇ ಶತಮಾನದಲ್ಲೇ ವಾದಿಸಿದ್ದ ಯೆಹೂದಿ ಧರ್ಮಗುರು (ರಬ್ಬಿ) ಎಲಿಯಾಹು ಗುಟ್‌ಮಾಕರ್ ಹೆಸರನ್ನೇ ಊರಿಗೆ ಇಟ್ಟರು.

ಶಾಸ್ತ್ರಕ್ಕೂ ಬೇಸಾಯಕ್ಕೂ ಜಗ್ಗಾಟ

ಊರು ಬೆಳೆದದ್ದು ಧಾರ್ಮಿಕ ಕಿಬ್ಬುತ್ಸ್ ಆಗಿ, ಅಂದರೆ ಒಟ್ಟಾಗಿ ಬಾಳುವ ಸಹಕಾರಿ ಹಳ್ಳಿಯಾಗಿ: ಜಮೀನು ಎಲ್ಲರದು, ದುಡಿಮೆಯೂ ಎಲ್ಲರದು. ತೊಡಕು ಬಂದದ್ದು ಆಚರಣೆಯಲ್ಲಿ. ವಾರದ ವಿಶ್ರಾಂತಿ ದಿನವಾದ ಸಬ್ಬತ್‌ನಂದು ಹಾಲು ಕರೆಯುವಂತಿಲ್ಲ. ಕರೆಯದಿದ್ದರೆ ಹಸುವಿಗೆ ಹಿಂಸೆ. ಕೊನೆಗೆ ದಾರಿ ತೋರಿದ್ದು ಹಾಲು ಕರೆಯುವ ಯಂತ್ರ. ಏಳನೇ ವರ್ಷ ಭೂಮಿಗೆ ವಿಶ್ರಾಂತಿ ಕೊಡಬೇಕೆಂಬ ನಿಯಮ ಇನ್ನೂ ಕಠಿಣ. ಆ ವರ್ಷದ ಮಟ್ಟಿಗೆ ಜಮೀನನ್ನು ಕಾಗದದ ಮೇಲೆ ಅನ್ಯಧರ್ಮೀಯರಿಗೆ ಮಾರುವ ಉಪಾಯವಿದೆ. ಎಲ್ಲ ರಬ್ಬಿಗಳೂ ಇದನ್ನು ಒಪ್ಪುವುದಿಲ್ಲ.

ಹುಳು, ದುಂಬಿ, ಗೂಬೆ

1970ರ ದಶಕದಲ್ಲಿ ಇಟಲಿ ಮೂಲದ ಮಾರಿಯೋ ಲೆವಿ ಇಲ್ಲಿ ಸಾವಯವ ಕೃಷಿ ಆರಂಭಿಸಿದರು. ಮುಂದಿನ ದಶಕದಲ್ಲಿ ಹುಟ್ಟಿದ ಬಯೋ-ಬೀ ಸಂಸ್ಥೆ ಕೆಂಪು ಜೇಡನುಸಿಯನ್ನು ತಿನ್ನುವ ಪರಭಕ್ಷಕ ನುಸಿಗಳನ್ನು ಸಾಕಿ ರೈತರಿಗೆ ಮಾರತೊಡಗಿತು. ಟೊಮೆಟೊ ಪರಾಗಸ್ಪರ್ಶಕ್ಕೆ ಬಂಬಲ್‌ಬೀ ದುಂಬಿಗಳು ಬಂದವು. ಹೂವನ್ನು ಕಚ್ಚಿ ಹಿಡಿದು ಮೈ ಅದುರಿಸಿ ಪರಾಗ ಉದುರಿಸುವುದು ಇವುಗಳ ಪರಿ. ಜೇನ್ನೊಣಕ್ಕೆ ಈ ವಿದ್ಯೆ ಬಾರದು.

ಇಲಿಗಳಿಗೆ ವಿಷವಿಡುವ ಬದಲು ಹೊಲಗಳಲ್ಲಿ ಪೆಟ್ಟಿಗೆ ನಿಲ್ಲಿಸಿ ಕಣಜ ಗೂಬೆಗಳಿಗೆ ಗೂಡು ಮಾಡಿಕೊಟ್ಟರು. ಗೂಬೆಯ ಒಂದು ಸಂಸಾರ ವರ್ಷಕ್ಕೆ ಸಾವಿರಾರು ಇಲಿಗಳನ್ನು ಮುಗಿಸುತ್ತದೆ. ಪಕ್ಷಿವಿಜ್ಞಾನಿ ಯೋಸಿ ಲೆಶೆಮ್ ಮುಂದಾಳತ್ವದಲ್ಲಿ ಈ ಪದ್ಧತಿ ದೇಶದ ಉದ್ದಗಲಕ್ಕೆ ಹಬ್ಬಿ, ಜೋರ್ಡಾನ್ ಮತ್ತು ಪ್ಯಾಲೆಸ್ಟೀನಿನ ಹೊಲಗಳನ್ನೂ ಮುಟ್ಟಿತು. ನಮ್ಮಲ್ಲಿನಂತೆ ಅಲ್ಲಿಯೂ ಗೂಬೆ ಎಂದರೆ ಅಪಶಕುನ. ರೈತರನ್ನು ಒಪ್ಪಿಸಲು ಸಾಕುಬೇಕಾಯಿತು.

ಹೊಸ ಬೇಸಾಯ ಬೇಕೆಂದರೆ ಹಳೆಯ ಆಚಾರ ಬಿಡಲೇಬೇಕು ಎನ್ನುವವರ ಮಾತಿಗೆ ಸ್ದೆ ಎಲಿಯಾಹು ಸೊಪ್ಪು ಹಾಕಲಿಲ್ಲ. ಇಂದಿಗೂ ಅಲ್ಲಿ ಸಬ್ಬತ್ ದಿನ ಹೊಲಕ್ಕೆ ರಜೆ, ಗೂಬೆಗಳಿಗೆ ಮಾತ್ರ ರಜೆಯಿಲ್ಲ.