ಪತ್ರವಿಲ್ಲದ ಗೇಣಿ ಮತ್ತು ಒಕ್ಕಲೆಬ್ಬಿಸುವಿಕೆ

ಕರಾರುಪತ್ರವಿಲ್ಲದವನಿಗೆ ಹಕ್ಕೂ ಇಲ್ಲವೆಂಬ ಭಾವನೆ ನಮ್ಮ ಜನರಲ್ಲಿ ಬೇರೂರಿದೆ. ಶ್ರೀನಿವಾಸಪುರದಂತಹ ತಾಲ್ಲೂಕು ಕೇಂದ್ರಗಳಲ್ಲಿ ಮನೆ ಮಳಿಗೆಗಳನ್ನು ಮುಂಗಡ ಪಡೆದು, ಬರಿಯ ಬಾಯಿಮಾತಿನ ಮೇಲೆ ಬಾಡಿಗೆಗೆ ಕೊಡುವುದು ಇಂದಿಗೂ ಉಂಟು. ಆದುದರಿಂದ ಈ ಭಾವನೆ ಎಷ್ಟರಮಟ್ಟಿಗೆ ಯುಕ್ತವೆಂಬುದು ವಿಚಾರಾರ್ಹವಾಗಿದೆ.

1882ರ ಸ್ವತ್ತು ವರ್ಗಾವಣೆ ಅಧಿನಿಯಮದ 107ನೆಯ ಪ್ರಕರಣದಂತೆ, ಒಂದು ವರ್ಷಕ್ಕೆ ಮೀರಿದ ಗೇಣಿಗೆ ನೋಂದಾಯಿತ ಪತ್ರ ಅವಶ್ಯಕ. ತಿಂಗಳ ಬಾಡಿಗೆಯಾದರೋ ಬಾಯೊಪ್ಪಂದದಿಂದಲೂ ಸ್ವಾಧೀನವನ್ನು ಬಿಟ್ಟುಕೊಡುವುದರಿಂದಲೂ ಸಿದ್ಧಿಸುತ್ತದೆ. ಇಂತಹ ಬಾಡಿಗೆಯನ್ನು ಕೊನೆಗೊಳಿಸಲು 106ನೆಯ ಪ್ರಕರಣವು 15 ದಿನಗಳ ಲಿಖಿತ ನೋಟೀಸನ್ನು ವಿಧಿಸುತ್ತದೆ. ಆ ಮೇಲೂ ಬಾಡಿಗೆದಾರನು ತೆರವು ಮಾಡದಿದ್ದರೆ ಮಾಲೀಕನು ನ್ಯಾಯಾಲಯಕ್ಕೆ ಹೋಗತಕ್ಕದ್ದೇ ಹೊರತು ತಾನೇ ಬೀಗ ಜಡಿಯತಕ್ಕದ್ದಲ್ಲ. ಬಲವಂತದಿಂದ ಹೊರಹಾಕಲ್ಪಟ್ಟವನು 1963ರ ನಿರ್ದಿಷ್ಟ ಪರಿಹಾರ ಅಧಿನಿಯಮದ 6ನೆಯ ಪ್ರಕರಣದ ಮೇರೆಗೆ ಆರು ತಿಂಗಳೊಳಗೆ ದಾವೆ ಹೂಡಿ ಸ್ವಾಧೀನವನ್ನು ಮರಳಿ ಪಡೆಯಬಹುದು. ಅಲ್ಲಿ ಒಡೆತನದ ಪ್ರಶ್ನೆಯೇ ಅಡ್ಡಬರದು.

ವ್ಯವಸಾಯದ ಗೇಣಿಯನ್ನು ಆ 1882ರ ಅಧಿನಿಯಮವು ಹೊರಗಿಟ್ಟಿತ್ತು. ರಾಗಿ, ಕಡಲೆಕಾಯಿ ಬೆಳೆಯುವ ಕೋಲಾರದ ಹೊಲಗಳ ಒಕ್ಕಲಿಗೆ ಬೇರೆ ಕಾನೂನು ಬೇಕಾಯಿತು. ಮೈಸೂರು ಭೂಸುಧಾರಣಾ ಅಧಿನಿಯಮವು 1961ರಲ್ಲಿ ರಚಿತವಾಗಿ 1965ರ ಅಕ್ಟೋಬರ್ 2ರಂದು ಜಾರಿಗೆ ಬಂದಿತು. ಅದರ 4ನೆಯ ಪ್ರಕರಣವು ಪತ್ರವನ್ನು ಕೇಳಲಿಲ್ಲ. ಪರರ ಭೂಮಿಯನ್ನು ನ್ಯಾಯವಾಗಿ ಉಳುವವನು ಮಾಲೀಕನ ಕುಟುಂಬದವನೋ ಕೂಲಿಯವನೋ ಅಡಮಾನದಾರನೋ ಅಲ್ಲದಿದ್ದರೆ ಗೇಣಿದಾರನೆಂದೇ ಭಾವಿಸಿತು. ದೇವರಾಜ ಅರಸರ ಕಾಲದ ತಿದ್ದುಪಡಿಯಿಂದ ಗೇಣಿ ಜಮೀನುಗಳು 1974ರ ಮಾರ್ಚ್ 1ರಂದು ಸರ್ಕಾರಕ್ಕೆ ಸೇರಿದವು. ಅಧಿಭೋಗದ ಹಕ್ಕನ್ನು ಬಯಸುವವರು ಫಾರಂ 7ರಲ್ಲಿ ಭೂನ್ಯಾಯಮಂಡಳಿಗೆ ಅರ್ಜಿ ಸಲ್ಲಿಸಬೇಕಾಗಿತ್ತು. ಆ ಗಡುವು 1979ರ ಜೂನ್ 30ಕ್ಕೆ ಮುಗಿಯಿತು. ಉತ್ತಿದ್ದರೂ ಅರ್ಜಿ ಕೊಡದವರಿಗೆ ಆ ದಾರಿ ಮುಚ್ಚಿತು.

ಇದರಿಂದ ತಿಳಿಯತಕ್ಕದ್ದೇನೆಂದರೆ, ಪತ್ರವು ಹಕ್ಕಿನ ಮೂಲವಲ್ಲ, ಹಕ್ಕಿಗೆ ಸಾಕ್ಷಿಮಾತ್ರ. ಆದರೆ ಸಾಕ್ಷಿಯಿಲ್ಲದ ಹಕ್ಕನ್ನು ಸ್ಥಾಪಿಸುವುದು ದುಸ್ಸಾಧ್ಯ. ಬಾಡಿಗೆಯ ರಸೀತಿ, ಬ್ಯಾಂಕಿನ ಲೆಕ್ಕ, ವಿದ್ಯುತ್ ಬಿಲ್ಲು, ನೆರೆಯವರ ಹೇಳಿಕೆ ಇವೇ ಪತ್ರವಿಲ್ಲದವನ ಆಧಾರಗಳು. ಈ ಹಕ್ಕು ಶಾಶ್ವತವಾದುದೂ ಅಲ್ಲ. ಕ್ರಮವರಿತು ನಡೆಯುವ ಮಾಲೀಕನಿಗೆ ತನ್ನ ಸ್ವತ್ತು ಮರಳಿ ದೊರೆಯುತ್ತದೆ. ಕಾನೂನು ತಡೆಯುವುದು ತೆರವನ್ನಲ್ಲ, ಬಲಾತ್ಕಾರವನ್ನು.